'ಅನ್ನ ಬಿಡಿ' ಎಂಬ ಎರಡು ಪದಗಳು

ಕಳೆದ ವರ್ಷದ ಮಳೆಗಾಲ. ಒಂದು ದಿನ ಬೆಳಗಿನ ಐದೂವರೆಯೂ ಆಗಿರಲಿಲ್ಲ, ನಮ್ಮ ಮನೆಯ ಮುಂದೆ ಆಟೋ ನಿಂತ ಸದ್ದಾಯಿತು. ಹಿಂದೆಯೇ ಗೇಟು ಬಡಿಯುವ ಸದ್ದು. ಮಂಡ್ಯ ಜಿಲ್ಲೆಯ ಸಣ್ಣ ಊರೊಂದರಲ್ಲಿ ಮನೆಯ ಮುಂಭಾಗದಲ್ಲೇ ಕ್ಲಿನಿಕ್ ಇಟ್ಟುಕೊಂಡಿರುವ ನನ್ನಂಥ ಸಾಮಾನ್ಯ ವೈದ್ಯನಿಗೆ ಇದು ಹೊಸದೇನಲ್ಲ. ಆಟೋದೊಳಗೆ ಐವತ್ತೆಂಟು ವರ್ಷದ ಹೆಂಗಸು. ಮೈಯೆಲ್ಲ ಬೆವರು, ಸೀರೆ ಒದ್ದೆ, ಕೂಗಿ ಕರೆದರೂ ಉತ್ತರವಿಲ್ಲ. 'ಲಕ್ವ ಹೊಡ್ದದೆ ಸಾ' ಎಂದು ಮಗ ಅಳುತ್ತಿದ್ದ. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ನೋಡಿದೆ. ಸಕ್ಕರೆ 38 ಇತ್ತು. 70ಕ್ಕಿಂತ ಕೆಳಗಿಳಿದರೇ ಎಚ್ಚರ ವಹಿಸಬೇಕಾದ ಸಂಖ್ಯೆ ಅದು. ಲಕ್ವ ಅಲ್ಲ, ಮಿದುಳಿಗೆ ಸಕ್ಕರೆ ಸಾಲದೆ ಅವರು ಪ್ರಜ್ಞೆ ತಪ್ಪಿದ್ದರು.

ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಅವರು ಕಣ್ಣು ತೆರೆದರು. ಸುತ್ತ ನೋಡಿದರು, ನನ್ನ ಗುರುತು ಹಿಡಿದರು. ಏನಮ್ಮ ಉಂಡಿದ್ದಿರಿ ರಾತ್ರಿ ಎಂದು ಕೇಳಿದೆ. 'ಏನೂ ಇಲ್ಲ ಸಾ, ಒಂದು ಲೋಟ ಮಜ್ಜಿಗೆ. ನೀವೇ ಯೋಳಿದ್ರಲ್ಲ, ಅನ್ನ ಬುಡಿ ಅಂತ.'

ಹೌದು, ನಾನೇ ಹೇಳಿದ್ದೆ. ಒಂದು ವಾರದ ಹಿಂದೆ ಅವರು ಪರೀಕ್ಷೆಗೆ ಬಂದಿದ್ದರು. ಊಟವಾದ ಮೇಲಿನ ಸಕ್ಕರೆ 290 ಇತ್ತು. ಹೊರಗೆ ಬೆಂಚಿನ ತುಂಬ ಜನ. ಹಳೆಯ ಮಾತ್ರೆಗಳನ್ನೇ ಮುಂದುವರಿಸಿ ಬರೆದೆ, ಚೀಟಿ ಕೊಡುತ್ತಾ 'ಅನ್ನ ಬಿಡಿ' ಎಂದೆ. ಅವರು ನಂಬಿ ಬಿಟ್ಟರು. ಅನ್ನ ಬಿಟ್ಟರೆ ಮುದ್ದೆಯನ್ನೂ ಬಿಡಬೇಕೇನೋ ಎಂದುಕೊಂಡು ಅದನ್ನೂ ಬಿಟ್ಟರು. ಆದರೆ ಗ್ಲಿಮಿಪಿರೈಡ್ ಮಾತ್ರೆಯನ್ನು ಎರಡು ಹೊತ್ತೂ ತಪ್ಪದೆ ನುಂಗಿದರು. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಅನ್ನು ಹಿಂಡಿ ತೆಗೆಯುವ ಮಾತ್ರೆ. ಹೊಟ್ಟೆಗೆ ಹಿಟ್ಟು ಬಿದ್ದಿದೆಯೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಈ ಜಾತಿಯ ಮಾತ್ರೆಯಿಂದ ಇಳಿದ ಸಕ್ಕರೆ ಒಮ್ಮೆ ಏರಿ ಮತ್ತೆ ಇಳಿಯುವುದುಂಟು. ಹಾಗಾಗಿ ಅವರನ್ನು ಆಸ್ಪತ್ರೆಗೆ ಕಳಿಸಿ ಒಂದು ದಿನ ನಿಗಾದಲ್ಲಿಡಬೇಕಾಯಿತು. ಮಾತು ಕೇಳದ ರೋಗಿಗಳ ಬಗ್ಗೆ ನಾವು ವೈದ್ಯರು ದಿನವೂ ಗೊಣಗುತ್ತೇವೆ. ಈ ತಾಯಿ ಮಾತು ಕೇಳಿದ್ದರಿಂದ ಸಾಯುವುದರಲ್ಲಿದ್ದರು.

ಹಲವು ವರ್ಷಗಳಿಂದ ಉಂಡು ಬಂದ ಊಟವನ್ನು ಆರೋಗ್ಯಕ್ಕಾಗಿ ಬದಲಿಸುವುದು ಹೇಗೆ ಎಂಬುದೇ ಈ ವಾರದ ವಿಷಯ. ಬದಲಿಸಬೇಕೇ ಎಂಬ ಬಗ್ಗೆ ನನಗೆ ಸಂಶಯವಿಲ್ಲ. ಸಂಶಯವಿರುವುದು ನಾವು ಅದನ್ನು ಹೇಳುವ ರೀತಿಯ ಬಗ್ಗೆ, ನೀವು ಅದನ್ನು ಮಾಡುವ ರೀತಿಯ ಬಗ್ಗೆ.

ಮೊದಲು ನನ್ನ ತಟ್ಟೆಯ ವಿಷಯ ಹೇಳಿಬಿಡುತ್ತೇನೆ. ಆ ಹೆಂಗಸು ಚೇತರಿಸಿಕೊಂಡ ಮೇಲೆ, ಏನೋ ಒಂದು ಅಳುಕಿನಿಂದ, ನನ್ನದೇ ರಕ್ತ ತೆಗೆಸಿದೆ. ವಯಸ್ಸು ನಲವತ್ತನಾಲ್ಕು, ತೂಕ 81 ಕಿಲೋ. ಸೊಂಟದ ಸುತ್ತಳತೆ 96 ಸೆಂಟಿಮೀಟರ್. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು ಎಂದು ದಿನಕ್ಕೆ ಹತ್ತು ಜನಕ್ಕೆ ಹೇಳುವವನು ನಾನು. ಬರಿಹೊಟ್ಟೆಯ ಸಕ್ಕರೆ 118. ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ 6.3. ಅದು 6.5 ತಲುಪಿದರೆ ಮಧುಮೇಹ. 5.7ರಿಂದ 6.4ರವರೆಗೆ ಇರುವುದು ಹೊಸ್ತಿಲು. ನಾನು ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದೆ. ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದಿಲ್ಲ ಎಂಬ ಜಂಬ ಬೇರೆ.

ಮರುದಿನ ಮಧ್ಯಾಹ್ನ ನನ್ನ ತಟ್ಟೆಯ ಅನ್ನವನ್ನು ತೂಕಕ್ಕಿಟ್ಟೆ. 420 ಗ್ರಾಂ ಬಂತು. ಅಕ್ಕಿ ಅನ್ನವಾದಾಗ ಹೆಚ್ಚುಕಡಿಮೆ ಮೂರು ಪಟ್ಟು ತೂಗುತ್ತದೆ. ಅಂದರೆ ಸುಮಾರು 150 ಗ್ರಾಂ ಅಕ್ಕಿ. ನೂರು ಗ್ರಾಂ ಪಾಲಿಷ್ ಅಕ್ಕಿಯಲ್ಲಿ 78 ಗ್ರಾಂನಷ್ಟು ಪಿಷ್ಟ. ಈ ಪಿಷ್ಟವೆಲ್ಲ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗಿಯೇ ರಕ್ತ ಸೇರಬೇಕು. ಟೀ ಚಮಚದ ಲೆಕ್ಕದಲ್ಲಿ ಹೇಳಿದರೆ ಇಪ್ಪತ್ತು ಚಮಚಕ್ಕೂ ಹೆಚ್ಚು. ಅದೂ ಒಂದು ಹೊತ್ತಿಗೆ. ಬೆಳಿಗ್ಗೆ ಚಿತ್ರಾನ್ನವೋ ಇಡ್ಲಿಯೋ ದೋಸೆಯೋ ಆಗಿತ್ತು, ರಾತ್ರಿ ಮತ್ತೆ ಅನ್ನ-ಸಾರು, ಅನ್ನ-ಮೊಸರು. ನಮ್ಮ ಮನೆಗಳಲ್ಲಿ ಅಕ್ಕಿ ಬೇರೆ ಬೇರೆ ಹೆಸರಿಟ್ಟುಕೊಂಡು ಮೂರು ಹೊತ್ತೂ ಬರುತ್ತದೆ, ನಾವು ಅದನ್ನು ಮೂರು ತಿಂಡಿ ಎಂದು ಎಣಿಸುತ್ತೇವೆ.

'ಇದೇನು ಇವತ್ತಿನದೇ ಡಾಕ್ಟ್ರೇ, ನಮ್ಮ ಅಜ್ಜ-ಮುತ್ತಜ್ಜ ಉಂಡಿದ್ದು ಇದನ್ನೇ ಅಲ್ಲವೆ' ಎಂದು ನೀವು ಕೇಳಬಹುದು. ಕ್ಲಿನಿಕ್ಕಿನಲ್ಲಿ ಪ್ರತಿದಿನವೂ ಕೇಳುತ್ತಾರೆ. ಕರಾವಳಿಯವರು, ಮಲೆನಾಡಿನವರು ಹಾಗೆ ಹೇಳಿದರೆ ಒಪ್ಪಬಹುದು. ಆದರೂ ಅವರ ಅಜ್ಜಂದಿರು ಉಂಡದ್ದು ಕುಚ್ಚಲಕ್ಕಿ, ಇಂದಿನ ಮಲ್ಲಿಗೆಯಂಥ ಬಿಳಿ ಅಕ್ಕಿಯಲ್ಲ. ಬಯಲುಸೀಮೆಯ ನಮಗೆ ಈ ಮಾತು ಸಲ್ಲುವುದಿಲ್ಲ. ನನ್ನ ಅಜ್ಜಿಯ ಮನೆಯಲ್ಲಿ ಅನ್ನವೆಂದರೆ ಹಬ್ಬ, ಇಲ್ಲವೇ ನೆಂಟರು, ಇಲ್ಲವೇ ಕಾಯಿಲೆ. ಉಳಿದ ದಿನ ಹಿಟ್ಟು. ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಹೆಸರು. 1931ರಲ್ಲಿ ಕನ್ನಂಬಾಡಿ ಕಟ್ಟೆ ಮುಗಿದು ನಾಲೆಯಲ್ಲಿ ನೀರು ಹರಿದ ಮೇಲೆ ನಮ್ಮ ಜಿಲ್ಲೆಯ ಬಯಲಿನಲ್ಲಿ ಗದ್ದೆ ಬಂತು, ಕಬ್ಬು ಬಂತು. ಆದರೆ ನಾಲೆ ತಲುಪದ ಮಳೆಯಾಶ್ರಿತ ಊರುಗಳಲ್ಲಿ ಅನ್ನ ದಿನದ ಊಟವಾದದ್ದು ನಮ್ಮಪ್ಪನ ಕಾಲಕ್ಕೆ. ಉತ್ತರ ಕರ್ನಾಟಕದ ಹಿರಿಯರನ್ನು ಕೇಳಿ, ಜೋಳದ ಬಗ್ಗೆ ಅವರೂ ಇದನ್ನೇ ಹೇಳುತ್ತಾರೆ. ಪರಂಪರೆ ಎಂದು ನಾವು ಹಿಡಿದುಕೊಂಡು ಕೂತಿರುವ ಊಟಕ್ಕೆ ಎಷ್ಟೋ ಮನೆಗಳಲ್ಲಿ ಐವತ್ತು-ಅರವತ್ತು ವರ್ಷ ವಯಸ್ಸು ಅಷ್ಟೆ.

ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸಿ, ಕೊನೆಗೆ ರಾಗಿಯನ್ನು ಗೆಲ್ಲಿಸುತ್ತಾರೆ. ರಾಮನ ಆಸ್ಥಾನದಲ್ಲಿ ರಾಗಿ ಗೆದ್ದಿರಬಹುದು. ನಮ್ಮ ನಡುಮನೆಯಲ್ಲಿ ಗೆದ್ದದ್ದು ಅಕ್ಕಿಯೇ.

ಅದು ಗೆದ್ದದ್ದು ನಾಲಿಗೆಯ ರುಚಿಯಿಂದ ಮಾತ್ರ ಎಂದುಕೊಂಡರೆ ತಪ್ಪಾಗುತ್ತದೆ. ಅನ್ನ ನಮಗೆ ಮರ್ಯಾದೆ. 'ಎರಡು ಹೊತ್ತು ಅನ್ನ ಉಣ್ಣೋ ಮನೆ' ಎಂದು ಹೆಣ್ಣು ಕೊಡುವಾಗ ನೋಡುತ್ತಿದ್ದ ಕಾಲವಿತ್ತು. ಕೂಲಿಯವರಿಗೆ ಮುದ್ದೆ, ಅಳಿಯನಿಗೆ ಅನ್ನ. ನಾನು ಮಧ್ಯಾಹ್ನಕ್ಕೆ ಮುದ್ದೆ ಸಾಕು ಎಂದು ಮೊದಲ ದಿನ ಹೇಳಿದಾಗ ಅಮ್ಮ ತಟ್ಟೆ ಇಟ್ಟು ಸುಮ್ಮನೆ ಒಳಗೆ ಹೋದರು. ಸಂಜೆ ಹೇಳಿದರು: 'ನಿಮ್ಮಪ್ಪ ಮೇಷ್ಟ್ರಾಗಿ ಮೊದಲ ಸಂಬಳದಲ್ಲಿ ಒಂದು ಮೂಟೆ ಅಕ್ಕಿ ತಂದು ಹಾಕಿದ್ರು ಕಣಪ್ಪ. ನನ್ನ ಮಕ್ಕಳು ಅನ್ನ ಉಣ್ಬೇಕು ಅಂತ. ನೀನು ಡಾಕ್ಟ್ರಾಗಿ ಹಿಟ್ಟಿಗೆ ವಾಪಸ್ ಹೋಗ್ತೀನಿ ಅಂತೀಯಲ್ಲ.' ಪಿಷ್ಟ, ಇನ್ಸುಲಿನ್, ಎಚ್‌ಬಿಎ1ಸಿ ಎಂದು ನಾನು ಓದಿದ್ದೆಲ್ಲ ಆ ಮಾತಿನ ಮುಂದೆ ಉಪಯೋಗಕ್ಕೆ ಬರಲಿಲ್ಲ.

ಅಪ್ಪನ ವಿಷಯ ಬಂತು, ಅದನ್ನೂ ಹೇಳಬೇಕು. ಅವರಿಗೆ ಐವತ್ತನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂತು. ಆಗ ವೈದ್ಯರು ಬರೆದುಕೊಟ್ಟ ಪಥ್ಯ ಇಂದಿಗೂ ನಮ್ಮಲ್ಲಿ ಅನೇಕರು ಬರೆದುಕೊಡುವ ಪಥ್ಯವೇ: ರಾತ್ರಿ ಅನ್ನ ಬೇಡ, ಚಪಾತಿ ತಿನ್ನಿ. ಗೋಧಿ ಸಕ್ಕರೆ ಕಾಯಿಲೆಗೆ ಔಷಧ ಎಂಬ ನಂಬಿಕೆ ಕನ್ನಡ ನಾಡಿನಲ್ಲಿ ಎಲ್ಲಿಂದ ಬೇರೂರಿತೋ, ಕೀಳಲು ನನ್ನಿಂದ ಆಗಿಲ್ಲ. ಗೋಧಿ ಹಿಟ್ಟಿನಲ್ಲಿಯೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ನಾರು ಅಕ್ಕಿಗಿಂತ ಹೆಚ್ಚು, ನಿಜ. ಆದರೆ ಎಣ್ಣೆ ಸವರಿದ ನಾಲ್ಕು ದೊಡ್ಡ ಚಪಾತಿ ತಿಂದು 'ನಾನು ಅನ್ನ ಮುಟ್ಟಿಲ್ಲ' ಎಂದರೆ ರಕ್ತಕ್ಕೆ ಅದು ಅರ್ಥವಾಗುವುದಿಲ್ಲ.

ಚಪಾತಿಗಿಂತ ನನ್ನನ್ನು ಕಾಡುವುದು ಇನ್ನೊಂದು. ನಾವೆಲ್ಲ ಹಜಾರದಲ್ಲಿ ಕುಳಿತು ಬಿಸಿ ಅನ್ನಕ್ಕೆ ಅವರೆಕಾಳು ಸಾರು ಹಾಕಿಕೊಂಡು ಉಣ್ಣುವಾಗ ಅಪ್ಪ ಪಕ್ಕದಲ್ಲಿ ಎರಡು ತಣ್ಣಗಾದ ಚಪಾತಿ ಮುರಿಯುತ್ತಿದ್ದರು. ಹದಿನೈದು ವರ್ಷ. ಅವರದು 'ಕಾಯಿಲೆಯವರ ಊಟ', ನಮ್ಮದು ಊಟ. ಒಮ್ಮೆ ರಾತ್ರಿ ನೀರು ಕುಡಿಯಲು ಎದ್ದವನು ಅಡುಗೆಮನೆಯ ಕತ್ತಲಲ್ಲಿ ಅವರು ಪಾತ್ರೆಯಿಂದ ಅನ್ನ ತೆಗೆದು ಉಣ್ಣುತ್ತಿದ್ದುದನ್ನು ನೋಡಿದೆ. ನಾನಾಗ ಮೆಡಿಕಲ್ ಕಾಲೇಜಿನಲ್ಲಿ ಮೂರನೆಯ ವರ್ಷ. ಬೈದೆ. ಊರಿಗೆಲ್ಲ ಪಾಠ ಹೇಳಿದ ಮೇಷ್ಟ್ರು ಮಗನ ಮುಂದೆ ತಲೆ ತಗ್ಗಿಸಿ ಕೈ ತೊಳೆದುಕೊಂಡರು. 2016ರಲ್ಲಿ ಮೂತ್ರಪಿಂಡ ಸೋತು ಅವರು ತೀರಿಕೊಂಡರು. ಅಂದು ಬೈಯುವ ಬದಲು ನಮ್ಮ ಮನೆಯ ಪಾತ್ರೆಯನ್ನೇ ಬದಲಿಸಬೇಕಿತ್ತು ಎಂದು ನನಗೆ ಹೊಳೆಯಲು ನನ್ನ ರಕ್ತದ ವರದಿ ಬರಬೇಕಾಯಿತು.

ಬದಲಿಸಬೇಕಾದದ್ದು ರೋಗಿಯ ತಟ್ಟೆಯನ್ನಲ್ಲ, ಮನೆಯ ಅಡುಗೆಯನ್ನು ಎಂದು ನಾನು ಹೇಳುವುದು ಇದಕ್ಕೇ. ಒಬ್ಬರಿಗಾಗಿ ಬೇರೆ ಒಲೆ ಹಚ್ಚುವ ಪಥ್ಯ ಆರು ತಿಂಗಳು ಬಾಳುವುದೂ ಅಪರೂಪ. ಬಾಳಿದರೂ ಆ ಮನುಷ್ಯನನ್ನು ಒಂಟಿ ಮಾಡುತ್ತದೆ. ಮೇಲಾಗಿ, ಒಂದು ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಬಂದಿದೆ ಎಂದರೆ ಅದೇ ರಕ್ತದ ಮಕ್ಕಳು ಅದೇ ಪಾತ್ರೆಯಿಂದ ಉಣ್ಣುತ್ತಿದ್ದಾರೆ ಎಂದೂ ಅರ್ಥ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯ ಅಂದಾಜಿನಲ್ಲಿ ದೇಶದಲ್ಲಿ ಮಧುಮೇಹ ಇರುವವರು ಸುಮಾರು 10 ಕೋಟಿ. ನನ್ನಂತೆ ಹೊಸ್ತಿಲ ಮೇಲೆ ನಿಂತವರು 13 ಕೋಟಿಗೂ ಹೆಚ್ಚು. ಹೊಸ್ತಿಲಲ್ಲಿರುವವರಿಗೆ ಯಾರೂ ಪಥ್ಯದ ಚೀಟಿ ಬರೆದುಕೊಡುವುದಿಲ್ಲ, ಏಕೆಂದರೆ ಅವರು ಕ್ಲಿನಿಕ್ಕಿಗೆ ಬರುವುದೇ ಇಲ್ಲ. ಮನೆಯ ಊಟ ಬದಲಾದರೆ ಮಾತ್ರ ಅವರಿಗೆ ಅದು ಮುಟ್ಟೀತು.

ಬದಲಿಸಿದರೆ ಪ್ರಯೋಜನ ಉಂಟೆ? ಉಂಟು. ಚೆನ್ನೈಯಲ್ಲಿ ಹೊಸ್ತಿಲ ಮೇಲಿದ್ದ 531 ಜನರನ್ನು ಮೂರು ವರ್ಷ ಗಮನಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ವಿಶೇಷವಾಗಿ ಏನನ್ನೂ ಮಾಡಿಸದ ಗುಂಪಿನಲ್ಲಿ ನೂರಕ್ಕೆ 55 ಜನರಿಗೆ ಮಧುಮೇಹ ಬಂತು. ಊಟ ಮತ್ತು ನಡಿಗೆ ಬದಲಿಸಿದವರಲ್ಲಿ 39 ಜನರಿಗೆ. ಪೂರ್ತಿ ತಪ್ಪಲಿಲ್ಲ ನೋಡಿ, ಬದಲಿಸಿದವರಿಗೂ ಬಂತು. ಆದರೆ ಮಾತ್ರೆ ಕೊಟ್ಟ ಗುಂಪಿನ ಫಲವೂ ಹೆಚ್ಚುಕಡಿಮೆ ಅಷ್ಟೇ ಆಗಿತ್ತು ಎಂಬುದನ್ನು ನೆನಪಿಡಿ. ಅಕ್ಕಿಯ ವಿಷಯಕ್ಕೇ ಬಂದರೆ, 21 ದೇಶಗಳ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಹಲವು ವರ್ಷ ಹಿಂಬಾಲಿಸಿದ ಅಧ್ಯಯನ 2020ರಲ್ಲಿ ಬಂತು. ದಿನಕ್ಕೆ 450 ಗ್ರಾಂಗಿಂತ ಹೆಚ್ಚು ಬಿಳಿ ಅನ್ನ ಉಣ್ಣುವವರಲ್ಲಿ, 150 ಗ್ರಾಂಗಿಂತ ಕಡಿಮೆ ಉಣ್ಣುವವರಿಗಿಂತ ಮಧುಮೇಹ ಹೆಚ್ಚು ಕಂಡಿತು. ಆ ವ್ಯತ್ಯಾಸ ಎಲ್ಲಕ್ಕಿಂತ ದೊಡ್ಡದಾಗಿದ್ದದ್ದು ನಮ್ಮ ದಕ್ಷಿಣ ಏಷ್ಯಾದಲ್ಲಿ. ನನ್ನ ಒಂದು ಹೊತ್ತಿನ ಅನ್ನವೇ 420 ಗ್ರಾಂ ಇತ್ತೆಂದು ಆಗಲೇ ಹೇಳಿದೆ.

ಹಾಗಾದರೆ ಅನ್ನ ಬಿಟ್ಟು ರಾಗಿ ತಿಂದರಾಯಿತು ಎಂದು ಯಾರಾದರೂ ಎದ್ದು ಹೊರಡುವ ಮೊದಲು ಇನ್ನೊಂದು ಮಾತು. 2023 ಸಿರಿಧಾನ್ಯ ವರ್ಷವೆಂದು ಜಗತ್ತೇ ಆಚರಿಸಿದ ಮೇಲೆ ರಾಗಿ, ನವಣೆಗಳಿಗೆ ದೇವರ ಪಟ್ಟ ಬಂದಿದೆ. ರಾಗಿಯ ಗುಣ ದೊಡ್ಡದು. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಸುಳಿವೂ ಇಲ್ಲವೆನ್ನಬೇಕು. ನಾರು ಸುಮಾರು 11 ಗ್ರಾಂ, ಪಾಲಿಷ್ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಆದರೆ ಪಿಷ್ಟ ರಾಗಿಯಲ್ಲಿಯೂ ನೂರಕ್ಕೆ 67ರಷ್ಟಿದೆ. ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ನುಂಗಿ ಸೊಪ್ಪನ್ನು ತಟ್ಟೆಯ ಅಂಚಿಗೆ ತಳ್ಳಿದರೆ ಸಕ್ಕರೆ ಏರಿಯೇ ಏರುತ್ತದೆ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ, 'ರಾಗಿ ಮಾಲ್ಟ್' ಎಂದು ಕುಡಿಯುವ ಪೇಯ, ಇವು ಮುದ್ದೆಗಿಂತ ಬೇಗ ರಕ್ತಕ್ಕೆ ಇಳಿಯುತ್ತವೆ. ಬೆಲ್ಲ ಹಾಕಿದರಂತೂ ಕೇಳಲೇಬೇಡಿ. ಹೊಲದಲ್ಲಿ ಹಗಲೆಲ್ಲ ಬೆವರು ಸುರಿಸುತ್ತಿದ್ದ ನನ್ನ ಅಜ್ಜನಿಗೆ ಎರಡು ಮುದ್ದೆ ಬೇಕಾಗಿತ್ತು. ಕುರ್ಚಿಯಲ್ಲಿ ಕೂತು ಚೀಟಿ ಬರೆಯುವ ಮೊಮ್ಮಗನಿಗೆ ಬೇಡ.

ಮುಖ್ಯವಾದದ್ದು ಧಾನ್ಯ ಯಾವುದು ಎಂಬುದಕ್ಕಿಂತ ಧಾನ್ಯ ಎಷ್ಟು ಎಂಬುದು, ಅದರ ಜೊತೆಗೆ ಏನು ಎಂಬುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ, ನಾವು ದಿನಕ್ಕೆ ಪಡೆಯುವ ಶಕ್ತಿಯಲ್ಲಿ ಧಾನ್ಯಗಳ ಪಾಲು ನೂರಕ್ಕೆ 45 ಮೀರಬಾರದು ಎನ್ನುತ್ತದೆ. ನಮ್ಮ ಮನೆಗಳಲ್ಲಿ ಅನ್ನದ ಗುಡ್ಡದ ಪಕ್ಕದಲ್ಲಿ ಪಲ್ಯ ಉಪ್ಪಿನಕಾಯಿಯಷ್ಟು ಇರುತ್ತದೆ. ಇದನ್ನು ತಿರುಗಿಸಬೇಕು. ಮದುವೆ ಮನೆಯ ಎಲೆಯ ಮೇಲೆ ಮೊದಲು ಬೀಳುವುದು ಕೋಸಂಬರಿ, ಪಲ್ಯ. ಅನ್ನ ಬರುವುದು ಆಮೇಲೆ. ತರಕಾರಿ, ಕಾಳು ಮೊದಲು ತಿಂದು ಅನ್ನ ಆಮೇಲೆ ಉಂಡರೆ ಊಟದ ನಂತರದ ಸಕ್ಕರೆ ಅಷ್ಟು ಏರುವುದಿಲ್ಲ ಎಂಬುದನ್ನು ಪರೀಕ್ಷೆ ಮಾಡಿ ತೋರಿಸಿದ್ದಾರೆ. ಎಲೆಗೆ ಬಡಿಸುವ ಕ್ರಮ ಕಟ್ಟಿದ ಹಿರಿಯರಿಗೆ ಇದು ಗೊತ್ತಿತ್ತು ಎಂದು ನಾನು ಹೇಳುವುದಿಲ್ಲ. ಕ್ರಮವಂತೂ ನಮ್ಮಲ್ಲೇ ಇದೆ.

ನಮ್ಮ ಮನೆಯಲ್ಲಿ ಇದು ಸುಲಭವಾಗಿ ಆಗಲಿಲ್ಲ. ಮೊದಲ ತಿಂಗಳು ನಾನು ಮಾಡಿದ ತಪ್ಪು ಅಪ್ಪನಿಗೆ ಆಗಿದ್ದ ತಪ್ಪೇ: ನನಗೆ ಬೇರೆ, ಅವರಿಗೆ ಬೇರೆ. ನನ್ನ ಹೆಂಡತಿ ಶಾಲೆಯಲ್ಲಿ ಶಿಕ್ಷಕಿ. ಬೆಳಿಗ್ಗೆ ಎಂಟೂವರೆಗೆ ಮನೆ ಬಿಡಬೇಕು. ಮೂರನೆಯ ವಾರ ಅವಳು ಸೌಟು ಕೆಳಗಿಟ್ಟು, 'ರೀ, ನಿಮ್ಮ ಪೇಷಂಟುಗಳಿಗೂ ಹೀಗೇ ಹೇಳ್ತೀರಾ? ಅವರ ಹೆಂಡತಿಯರು ನಿಮ್ಮನ್ನು ಸುಮ್ಮನೆ ಬಿಡ್ತಾರಾ?' ಎಂದಳು. ಆರೋಗ್ಯದ ಅಂಕಣಗಳಲ್ಲಿ ನಾವು ಸಲೀಸಾಗಿ ಬರೆಯುವ ಪ್ರತಿಯೊಂದು 'ಸೇವಿಸಿ'ಯ ಹಿಂದೆ ಯಾರೋ ಒಬ್ಬರು ಸೊಪ್ಪು ಬಿಡಿಸಬೇಕು, ಕಾಳು ನೆನೆಸಬೇಕು, ಮುದ್ದೆ ತೊಳಸಬೇಕು. ನೂರಕ್ಕೆ ತೊಂಬತ್ತು ಮನೆಗಳಲ್ಲಿ ಆ ಒಬ್ಬರು ಹೆಂಗಸು. ಗಂಡಸರೇ, ನಿಮ್ಮ ಸಕ್ಕರೆ ಇಳಿಯಬೇಕೆಂದರೆ ಸೊಪ್ಪು ಬಿಡಿಸಲು ಕೂರಿ. ನಾನು ರಾತ್ರಿ ವಾರ್ತೆ ನೋಡುತ್ತಾ ಬಿಡಿಸುತ್ತೇನೆ. ಬೇರೆ ಕೆಲಸದಷ್ಟು ಬೇಸರವಿಲ್ಲ.

ಆಮೇಲೆ ಒಂದೇ ಅಡುಗೆ ಎಂದು ತೀರ್ಮಾನವಾಯಿತು. ಮಧ್ಯಾಹ್ನಕ್ಕೆ ಮೂರು ಪಾವು ಅಕ್ಕಿ ಹಾಕುತ್ತಿದ್ದದ್ದು ಎರಡು ಪಾವಾಯಿತು, ಒಂದೇ ದಿನದಲ್ಲಲ್ಲ, ಎರಡು ತಿಂಗಳಲ್ಲಿ. ವಾರಕ್ಕೆ ನಾಲ್ಕು ದಿನ ರಾತ್ರಿ ಎಲ್ಲರಿಗೂ ಸಣ್ಣ ಮುದ್ದೆ, ಬಸ್ಸಾರು. ಬಸ್ಸಾರಿನ ಜಾಣತನ ನೋಡಿ: ಸೊಪ್ಪು-ಕಾಳು ಬೇಯಿಸಿದ ನೀರು ಸಾರಾಗುತ್ತದೆ, ಬಸಿದದ್ದು ಪಲ್ಯವಾಗುತ್ತದೆ, ಒಂದು ಒಲೆಗೆ ಎರಡು ಅಡುಗೆ. ಪಲ್ಯ ಬಟ್ಟಲಿನ ತುಂಬ, ಅದನ್ನು ಮೊದಲು ತಿನ್ನುವುದು. ಹುರುಳಿ, ಹೆಸರುಕಾಳು, ಅಲಸಂದೆ ಸರದಿಯ ಮೇಲೆ. ವಾರಕ್ಕೆ ಮೂರು ದಿನ ಮೊಟ್ಟೆ, ಭಾನುವಾರ ಕೋಳಿ ಸಾರು. ಮಾಂಸ ತಿನ್ನದವರು ಕಾಳು ಮತ್ತು ಮೊಸರಿನಿಂದ ಅದನ್ನು ತುಂಬಿಕೊಳ್ಳಬಹುದು. ಹದಿನಾಲ್ಕು ವರ್ಷದ ಮಗಳಿಗೆ ಅನ್ನದ ಅಳತೆ ಹಾಕಿಲ್ಲ, ಬೆಳೆಯುವ ಮಕ್ಕಳಿಗೆ ಹಾಕಲೂ ಬಾರದು. ಅವಳು ಮುದ್ದೆಗೆ ಮೂಗು ಮುರಿಯುತ್ತಾಳೆ, ರಾಗಿ ರೊಟ್ಟಿ ಆದರೆ ಮೂರು ತಿನ್ನುತ್ತಾಳೆ. ಅಮ್ಮನ ಸಿಟ್ಟು ಇಳಿದದ್ದು ನನ್ನ ಯಾವ ಮಾತಿನಿಂದಲೂ ಅಲ್ಲ. ಬಸ್ಸಾರಿನ ಖಾರ ಸೊಸೆಗೆ ಸರಿಯಾಗಿ ಬರುವುದಿಲ್ಲ ಎಂದು ಗೊತ್ತಾದ ದಿನ ಅವರು ಒರಳಿನ ಮುಂದೆ ಕೂತರು, ಇವತ್ತಿಗೂ ಎದ್ದಿಲ್ಲ.

ಏಳು ತಿಂಗಳಿಗೆ ನನ್ನ ತೂಕ 75ಕ್ಕೆ ಬಂತು, ಎಚ್‌ಬಿಎ1ಸಿ 5.8. ಪವಾಡವೇನಲ್ಲ, ಹೊಸ್ತಿಲ ಮೇಲೆಯೇ ಒಂದಿಷ್ಟು ಹಿಂದೆ ಸರಿದಂತೆ ಅಷ್ಟೆ. ಸಂಜೆ ನಲವತ್ತು ನಿಮಿಷ ನಡೆಯಲೂ ಆರಂಭಿಸಿದ್ದರಿಂದ ಇದರಲ್ಲಿ ಊಟದ ಪಾಲೆಷ್ಟು, ನಡಿಗೆಯ ಪಾಲೆಷ್ಟು ಎಂದು ನಾನು ಲೆಕ್ಕ ಕೊಡಲಾರೆ.

ನೀವು ಬದಲಿಸಲು ಹೊರಟಿದ್ದರೆ ಕೆಲವು ಎಚ್ಚರಿಕೆಗಳನ್ನು ದಯವಿಟ್ಟು ಓದಿ. ಈಗಾಗಲೇ ಸಕ್ಕರೆ ಕಾಯಿಲೆಗೆ ಗ್ಲಿಮಿಪಿರೈಡ್, ಗ್ಲಿಕ್ಲಜೈಡ್ ಜಾತಿಯ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿದ್ದರೆ, ಅನ್ನ ಕಡಿಮೆ ಮಾಡುವ ಮೊದಲು ನಿಮ್ಮ ವೈದ್ಯರಿಗೆ ಹೇಳಿ. ಊಟ ಇಳಿದಂತೆ ಔಷಧವೂ ಇಳಿಯಬೇಕಾಗುತ್ತದೆ. ಆದರೆ ಇಳಿಸುವುದು ಅವರ ಕೆಲಸ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಕೈ ನಡುಕ, ತಣ್ಣನೆ ಬೆವರು, ಎದೆ ಬಡಿತ, ಕಣ್ಣು ಮಂಜು, ಮಾತು ತೊದಲುವುದು, ಇವು ಸಕ್ಕರೆ ಇಳಿದ ಲಕ್ಷಣಗಳು. ಕೂಡಲೇ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಬೇಕು, ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ. ನಂತರ ಏನಾದರೂ ಉಣ್ಣಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಸುರಿಯಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ, ಆಸ್ಪತ್ರೆಗೆ ಒಯ್ಯಿರಿ.

ಮೂತ್ರಪಿಂಡದ ತೊಂದರೆ ಇರುವವರಿಗೆ ರಾಗಿ, ಕಾಳು, ಸೊಪ್ಪುಗಳ ಪೊಟ್ಯಾಸಿಯಂ ಮತ್ತು ರಂಜಕವೇ ತೊಂದರೆಯಾಗಬಹುದು. ಅವರ ಊಟದ ಲೆಕ್ಕ ಬೇರೆ, ಈ ಲೇಖನ ಅವರಿಗಲ್ಲ. ಗರ್ಭಿಣಿಯರು ತಾವಾಗಿ ಊಟ ಕತ್ತರಿಸಬಾರದು. ಎಪ್ಪತ್ತು ದಾಟಿ ಸಣಕಲಾಗಿರುವ ಹಿರಿಯರಿಂದ ಒಂದು ತುತ್ತು ಅನ್ನ ಕಿತ್ತುಕೊಂಡು ಸಾಧಿಸುವುದು ಏನೂ ಇಲ್ಲ. ಅವರಿಗೆ ಅದರ ಜೊತೆ ಮೊಸರು, ಬೇಳೆ ಹೆಚ್ಚಿಸಿ.

ಹಣದ ಮಾತನ್ನು ಮರೆಯುವಂತಿಲ್ಲ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ನಮ್ಮ ಸುತ್ತಿನ ಎಷ್ಟೋ ಮನೆಗಳಲ್ಲಿ ಹಸಿವು ದೂರವಾದದ್ದನ್ನು ಕಣ್ಣಾರೆ ಕಂಡಿದ್ದೇನೆ, ಅದನ್ನು ಹಂಗಿಸುವವರ ಜೊತೆ ನಾನಿಲ್ಲ. ಆದರೆ ಅಕ್ಕಿ ಅಗ್ಗವಾಗಿ, ತರಕಾರಿ-ಬೇಳೆ ದುಬಾರಿಯಾಗಿರುವಾಗ 'ತಟ್ಟೆಯ ಅರ್ಧ ತರಕಾರಿ' ಎಂದು ಕೂಲಿ ಮಾಡುವವರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಅವರಿಗೆ ಹೇಳುವುದು ಅಗ್ಗದವನ್ನು: ನುಗ್ಗೆಸೊಪ್ಪು, ಹೊಲದ ಬದುವಿನ ಬೆರಕೆ ಸೊಪ್ಪು, ಹುರುಳಿಕಾಳು. ಪಡಿತರದಲ್ಲಿ ರಾಗಿ ಕೊಟ್ಟಾಗ ಅದನ್ನು ಮಾರಬೇಡಿ ಎಂದೂ ಹೇಳುತ್ತೇನೆ.

ಆಟೋದಲ್ಲಿ ಬಂದ ಆ ಹೆಂಗಸು ಈಗ ಎರಡು ತಿಂಗಳಿಗೊಮ್ಮೆ ಬರುತ್ತಾರೆ. ಅವರ ಮಾತ್ರೆಯನ್ನು ಮೊದಲು ಅರ್ಧ ಮಾಡಿದೆ, ಆಮೇಲೆ ಊಟದ ಮಾತು ಆಡಿದೆ, ಅದೂ ಸೊಸೆಯನ್ನು ಕರೆಸಿ ಎದುರು ಕೂರಿಸಿಕೊಂಡು. ಆ ಹುಡುಗಿಗೆ ಬಸುರಿಯಲ್ಲಿ ಸಕ್ಕರೆ ಬಂದು ಹೋಗಿತ್ತು ಎಂಬುದು ಆಗಲೇ ನನಗೆ ತಿಳಿದದ್ದು. ಹಾಗೆ ಬಂದು ಹೋದವರಿಗೆ ಮುಂದೆ ಕಾಯಿಲೆ ಗಟ್ಟಿಯಾಗಿ ಬರುವ ಸಂಭವ ಬಹಳ ಹೆಚ್ಚು. ಅವಳೂ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕೆಂದು ಹೇಳಿ ಕಳಿಸಿದೆ. ಈಗ ಅತ್ತೆ-ಸೊಸೆಗೆ ಒಂದೇ ಪಾತ್ರೆ, ಒಂದೇ ಅಳತೆ. ಊಟದ ನಂತರದ ಸಕ್ಕರೆ 290 ಇದ್ದದ್ದು ಹೋದ ಸಲ 176 ಇತ್ತು.

ಯುಗಾದಿಗೆ ನಾಲ್ಕು ದಿನ ಇರುವಾಗ ಬಂದರು. ಸೆರಗಿನಿಂದ ಒಂದು ಸ್ಟೀಲ್ ಬಟ್ಟಲು ತೆಗೆದು ಮೇಜಿನ ಮೇಲಿಟ್ಟು, 'ಇದ್ರಲ್ಲಿ ಒಂದು ಅನ್ನ, ಸಣ್ಣದೊಂದು ಹಿಟ್ಟು, ಮಿಕ್ಕಿದ್ದೆಲ್ಲ ಸೊಪ್ಪು. ಸರಿ ಅಲ್ವಾ ಸಾ?' ಎಂದು ಒಪ್ಪಿಸಿದರು. ಸರಿ ಎಂದೆ. ಒಬ್ಬಟ್ಟಿನ ಗತಿ ಏನು ಎಂದು ಕೇಳಿದರು. ಒಂದು ತಿನ್ನಿ, ಆ ಹೊತ್ತು ಅನ್ನ ಬೇಡ, ಮಾತ್ರೆ ಎಂದಿನಂತೆ ಎಂದೆ. ಬಟ್ಟಲನ್ನು ಸೆರಗಿಗೆ ಸೇರಿಸಿಕೊಂಡು ಬಾಗಿಲವರೆಗೆ ಹೋದವರು ತಿರುಗಿ ನಿಂತರು.

'ಸಣ್ಣ ಸಣ್ಣವು ತಟ್ಟಿಸಿದ್ರೆ ಎರಡು ಆಯ್ತದೆ, ಅಲ್ವಾ ಸಾ?'